ಹಳೆ ಗೇಮಿಂಗ್ ಕಂಪ್ಯೂಟರಿಗೆ ಮೊದಲು ರ‍್ಯಾಮೋ, ಗ್ರಾಫಿಕ್ಸ್ ಕಾರ್ಡೋ?

ಹಳೆ ಕಂಪ್ಯೂಟರಿನಲ್ಲಿ ಗೇಮ್ ತಡವರಿಸಲು ಶುರುವಾದರೆ ಕುಂಬಳೆಯಿಂದ ಮುಳ್ಳೇರಿಯದವರೆಗೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು, “ಒಂದು ರ‍್ಯಾಮ್ ಹಾಕಿಸಿ ನೋಡಿ.” ರ‍್ಯಾಮ್ ಹಾಕುವುದು ಐದು ನಿಮಿಷದ ಕೆಲಸ, ಹಾಗಾಗಿ ಆ ಸಲಹೆ ಎಲ್ಲರಿಗೂ ಹಿತ. ಕೆಲವು ಸಲ ಅದು ಸರಿಯೂ ಹೌದು. ಆದರೆ 8 ಜಿಬಿ ಇದ್ದು ಗ್ರಾಫಿಕ್ಸ್ ಕಾರ್ಡೇ ಇಲ್ಲದ ಯಂತ್ರಕ್ಕೆ ಮತ್ತೆ 8 ಜಿಬಿ ಹಾಕಿಸಿದರೆ ಗಾಯ ಒಂದು ಕಡೆ, ಮದ್ದು ಇನ್ನೊಂದು ಕಡೆ ಆಗುತ್ತದೆ. ಯಾವುದು ಸಾಲದು ಎಂಬುದನ್ನು ನೀವು ಆಡುವ ಗೇಮೇ ಹತ್ತು ನಿಮಿಷದಲ್ಲಿ ತೋರಿಸಿಕೊಡುತ್ತದೆ. ಆ ಹತ್ತು ನಿಮಿಷ ಕೊಡುವ ಮೊದಲು ಪರ್ಸ್ ತೆಗೆಯಬೇಡಿ.

ಇಲ್ಲಿ ಹೇಳುವುದು 2011ರಿಂದ 2017ರ ನಡುವಿನ ಡೆಸ್ಕ್‌ಟಾಪ್‌ಗಳ ಬಗ್ಗೆ, ಅಂದರೆ ಇಂಟೆಲ್‌ನ 2ನೇ ಜನರೇಶನ್‌ನಿಂದ 7ನೇ ಜನರೇಶನ್‌ವರೆಗಿನವು. ಆಫೀಸುಗಳಿಂದ ಹೊರಬಂದು ರಿಫರ್ಬಿಶ್ಡ್ ಎಂದು ಮಾರಾಟವಾಗುವ ಡಬ್ಬಗಳೂ ಇದರಲ್ಲೇ ಬಂದವು. ಲ್ಯಾಪ್‌ಟಾಪ್ ಆದರೆ ಈ ಪ್ರಶ್ನೆಯೇ ಇಲ್ಲ. ಅದರ ಗ್ರಾಫಿಕ್ಸ್ ಬದಲಿಸಲಾಗದು, ರ‍್ಯಾಮ್ ಮತ್ತು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲಿಗೆ ಹಾಕುವ ವೇಗದ ಡಿಸ್ಕ್) ಮಾತ್ರ ದಾರಿ.

ಎರಡರ ಕೆಲಸ ಬೇರೆ ಬೇರೆ

ರ‍್ಯಾಮ್ ಎಂದರೆ ಅಡಿಕೆ ಒಣಗಿಸುವ ಅಂಗಳ ಎಂದುಕೊಳ್ಳಿ; ಗೇಮ್ ಓಡುವಾಗ ಬೇಕಾದದ್ದನ್ನೆಲ್ಲ ಹರಡಿಡುವ ಜಾಗ. ಅಂಗಳ ಚಿಕ್ಕದಾದರೆ ಕೊಯ್ದದ್ದರಲ್ಲಿ ಅರ್ಧ ಕೊಟ್ಟಿಗೆಯಲ್ಲೇ ರಾಶಿ ಬಿದ್ದಿರುತ್ತದೆ. ಹೊತ್ತು ತರುವುದು, ಹೊತ್ತು ಒಯ್ಯುವುದು, ಇದರಲ್ಲೇ ಹೊತ್ತು ಹೋಗುತ್ತದೆ. ಪರದೆಯ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಎಂದರೆ ಸುಲಿಯುವ ಕೈಗಳು. ಕೈ ಸಾಲದಿರುವಾಗ ಅಂಗಳ ದೊಡ್ಡದು ಮಾಡಿ ಪ್ರಯೋಜನವಿಲ್ಲ.

ಕಣ್ಣಿಗೆ ಕಾಣುವ ಲಕ್ಷಣವೂ ಬೇರೆ. ರ‍್ಯಾಮ್ ಸಾಲದಿದ್ದರೆ ಗೇಮ್ ಚೆನ್ನಾಗಿ ಓಡುತ್ತಿದ್ದು, ಹೊಸ ಜಾಗಕ್ಕೆ ಹೋದ ಕೂಡಲೇ ಗಕ್ಕನೆ ನಿಂತು ಮತ್ತೆ ಮುಂದುವರಿಯುತ್ತದೆ. ಹಾರ್ಡ್ ಡಿಸ್ಕಿನ ದೀಪ ಆಗ ಉರಿಯುತ್ತಲೇ ಇರುತ್ತದೆ. ಕಾರ್ಡ್ ಸಾಲದಿದ್ದರೆ ಶುರುವಿನಿಂದ ಕೊನೆಯವರೆಗೆ ಒಂದೇ ಸಮ ನಿಧಾನ. ಹೊಗೆ, ನೀರು, ಹುಲ್ಲು ಬಂದಲ್ಲಿ ಇನ್ನೂ ನಿಧಾನ.

ಇರುವುದೇನೆಂದು ಬರೆದುಕೊಳ್ಳಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಒತ್ತಿ ಒಟ್ಟು ಎಷ್ಟು ಜಿಬಿ, ಸ್ಪೀಡ್ ಎಷ್ಟು, ಎಷ್ಟು ಸ್ಲಾಟ್ ತುಂಬಿದೆ ಎಂಬುದನ್ನು ಗುರುತು ಹಾಕಿಕೊಳ್ಳಿ. ‘ಹಾರ್ಡ್‌ವೇರ್ ರಿಸರ್ವ್ಡ್’ ಎಂಬಲ್ಲಿ 1 ಜಿಬಿಗಿಂತ ಹೆಚ್ಚು ತೋರಿಸಿದರೆ ರ‍್ಯಾಮ್ ಇದ್ದೂ ಬಳಕೆಗೆ ಸಿಗುತ್ತಿಲ್ಲ ಎಂದರ್ಥ. 32 ಬಿಟ್ ವಿಂಡೋಸ್ ಇದ್ದರೆ 4 ಜಿಬಿಯ ಮೇಲಿನದ್ದು ವ್ಯರ್ಥ. 64 ಬಿಟ್ ಹಾಕಿಸುವುದೇ ಆಗ ಮೊದಲ ಕೆಲಸ. ಸಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡರೆ ಮದರ್‌ಬೋರ್ಡಿನ ಮಾದರಿ, ರ‍್ಯಾಮ್ ಹಳೆಯ ಬಗೆಯ ಡಿಡಿಆರ್3 ಹೌದೋ ಆಮೇಲಿನ ಡಿಡಿಆರ್4 ಹೌದೋ, ಒಂದೇ ದಾರಿಯ ಸಿಂಗಲ್ ಚಾನೆಲ್ಲೋ ಎರಡು ದಾರಿಯ ಡ್ಯುಯಲ್ಲೋ ಎಲ್ಲವೂ ಗೊತ್ತಾಗುತ್ತದೆ.

ಇನ್ನೊಂದು ಕೆಲಸ: ಡಬ್ಬದ ಒಳಗಿನ ಧೂಳು ತೆಗೆಯಿರಿ. ನಮ್ಮ ಕಡೆಯ ಮುರಕಲ್ಲಿನ ಕೆಂಪು ಧೂಳು ಬೇಸಿಗೆಯಲ್ಲಿ ಹೀಟ್‌ಸಿಂಕಿನ ಸಂದಿಗಳಲ್ಲಿ ಹಾಸಿಗೆ ಹಾಸಿದ ಹಾಗೆ ಕೂರುತ್ತದೆ. ಪ್ರೊಸೆಸರ್ 100 ಡಿಗ್ರಿಯ ಆಸುಪಾಸಿಗೆ ಬಂತೆಂದರೆ ಸುಡದಿರಲು ತಾನಾಗಿ ವೇಗ ತಗ್ಗಿಸಿಕೊಳ್ಳುತ್ತದೆ, ಆಗ ಎಲ್ಲವೂ ಸಾಲದ ಹಾಗೆ ಕಾಣುತ್ತದೆ. ಪ್ಲಗ್ ಕಿತ್ತು, ಫ್ಯಾನ್ ತಿರುಗದಂತೆ ಬೆರಳಿನಲ್ಲಿ ಹಿಡಿದು, ಬ್ರಷ್ ಮತ್ತು ಬ್ಲೋವರಿನಿಂದ ಸ್ವಚ್ಛ ಮಾಡಿ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚಿದ ಥರ್ಮಲ್ ಪೇಸ್ಟ್ ಒಣಗಿ ಹುಡಿಯಾಗಿದ್ದರೆ ಬದಲಿಸಿ.

ಹತ್ತು ನಿಮಿಷದ ಪರೀಕ್ಷೆ

ಎಂಎಸ್‌ಐ ಆಫ್ಟರ್‌ಬರ್ನರ್ ಮತ್ತು ಅದರೊಂದಿಗೇ ಬರುವ ರಿವಾಟ್ಯೂನರ್ ಎಂಬ ತಂತ್ರಾಂಶಗಳನ್ನು ಹಾಕಿ. ಯಾವ ಕಂಪನಿಯ ಕಾರ್ಡ್ ಆದರೂ ಇದು ನಡೆಯುತ್ತದೆ. ಸೆಟ್ಟಿಂಗಿನ ಮಾನಿಟರಿಂಗ್ ಪುಟದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಬಳಕೆ, ಜಿಪಿಯು ಮೆಮೊರಿ, ಸಿಪಿಯುವಿನ (ಪ್ರೊಸೆಸರಿನ) ಪ್ರತಿ ಕೋರಿನ ಬಳಕೆ, ರ‍್ಯಾಮ್ ಬಳಕೆ, ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) ಇಷ್ಟು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿ. ಗೇಮಿನಲ್ಲಿ ವಿ-ಸಿಂಕ್ (ಫ್ರೇಮನ್ನು ಮಾನಿಟರಿನ ವೇಗಕ್ಕೆ ಕಟ್ಟುವ ಸೆಟ್ಟಿಂಗ್) ಮತ್ತು ಫ್ರೇಮ್ ಮಿತಿ ಎರಡನ್ನೂ ತೆಗೆದುಬಿಡಿ. ಇದನ್ನು ಮರೆತರೆ ಕಾರ್ಡ್ 60 ಫ್ರೇಮಿಗೆ ನಿಂತು ಆರಾಮವಾಗಿರುವಂತೆ ಕಂಡು ಲೆಕ್ಕ ತಪ್ಪುತ್ತದೆ.

ಈಗ ಯಾವಾಗಲೂ ತಡವರಿಸುವ ಅದೇ ಜಾಗಕ್ಕೆ ಹೋಗಿ ಹತ್ತು ನಿಮಿಷ ಆಡಿ. ಬ್ರೌಸರ್, ಡಿಸ್ಕಾರ್ಡ್ ಏನೇನು ತೆರೆದಿಟ್ಟು ಆಡುವ ಅಭ್ಯಾಸವೋ ಅದೆಲ್ಲ ಹಾಗೇ ಇರಲಿ. ಖಾಲಿ ಯಂತ್ರದ ಲೆಕ್ಕ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಆಮೇಲೆ ರೆಸಲ್ಯೂಶನನ್ನು 1920×1080ರಿಂದ 1280×720ಕ್ಕೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಮೊದಲನೆಯದರಲ್ಲಿ ಕಾರ್ಡ್ ಸುಮಾರು 20.7 ಲಕ್ಷ ಚುಕ್ಕಿ ಬಿಡಿಸಬೇಕು, ಎರಡನೆಯದರಲ್ಲಿ 9.2 ಲಕ್ಷ ಮಾತ್ರ. ಪ್ರೊಸೆಸರಿನ ಕೆಲಸ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ. ಈ ಒಂದು ಬದಲಾವಣೆ ಅರ್ಧ ಉತ್ತರ ಕೊಡುತ್ತದೆ.

ಜಿಪಿಯು ಬಳಕೆ 95ರಿಂದ 99 ಶೇಕಡಾದಲ್ಲೇ ನಿಂತಿದ್ದು, 720ಕ್ಕೆ ಇಳಿಸಿದಾಗ ಫ್ರೇಮ್ ಚೆನ್ನಾಗಿ ಏರಿದರೆ ಕಾರ್ಡ್ ಬದಲಿಸಿ. ಅನುಮಾನವೇ ಬೇಡ.

ರ‍್ಯಾಮ್ ಬಳಕೆ 90 ಶೇಕಡಾ ದಾಟಿ, ನಿಂತು ನಿಂತು ಹೋಗುವ ಹೊತ್ತಿಗೇ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಶೇಕಡಾ ತೋರಿಸಿದರೆ ರ‍್ಯಾಮ್ ಹಾಕಿ. ‘ಕಮಿಟೆಡ್’ ಎಂಬ ಸಾಲಿನ ಮೊದಲ ಅಂಕಿ ನಿಮ್ಮ ಒಟ್ಟು ರ‍್ಯಾಮಿಗಿಂತ ಬಹಳ ದೊಡ್ಡದಾಗಿದ್ದರೆ ಇನ್ನೂ ಖಚಿತ. ಹೆಚ್ಚಿನದ್ದನ್ನು ವಿಂಡೋಸ್ ಡಿಸ್ಕಿಗೆ ತಳ್ಳುತ್ತಿದೆ. ಅಲ್ಲಿ ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಒಂದು ಸಾಟಾ ಎಸ್‌ಎಸ್‌ಡಿ ಕೂಡ ಇದೇ ಪಟ್ಟಿಗೆ ಸೇರಬೇಕು.

ಜಿಪಿಯು 50–60ರಲ್ಲಿದ್ದು, ರ‍್ಯಾಮಿನಲ್ಲೂ ಜಾಗವಿದ್ದು, ಒಂದೆರಡು ಕೋರ್ ಮಾತ್ರ 100ಕ್ಕೆ ಮುಟ್ಟಿದ್ದರೆ ಕೊರತೆ ಪ್ರೊಸೆಸರಿನದು. 720ಕ್ಕೆ ಇಳಿಸಿದರೂ ಫ್ರೇಮ್ ಕದಲುವುದಿಲ್ಲ. ಇಂಥ ಯಂತ್ರಕ್ಕೆ ರ‍್ಯಾಮ್, ಕಾರ್ಡ್ ಯಾವುದು ಹಾಕಿದರೂ ನೀರಿನಲ್ಲಿ ಹೋಮ.

ನಾಲ್ಕನೆಯದೊಂದಿದೆ, ಇದನ್ನು ರ‍್ಯಾಮಿನ ಕೊರತೆ ಎಂದು ತಪ್ಪು ತಿಳಿಯುವವರು ಹೆಚ್ಚು. ಕಾರ್ಡಿನ ಸ್ವಂತ ಮೆಮೊರಿ ತುಂಬಿದಾಗಲೂ ಗೇಮ್ ಹಾಗೇ ಗಕ್ಕನೆ ನಿಲ್ಲುತ್ತದೆ. ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟದಲ್ಲಿ ‘ಡೆಡಿಕೇಟೆಡ್’ ತುಂಬಿ ‘ಶೇರ್ಡ್’ ಏರುತ್ತಿದ್ದರೆ ಇದೇ ಕಾರಣ. ಟೆಕ್ಸ್ಚರ್ ಗುಣಮಟ್ಟವನ್ನು ಒಂದು ಮೆಟ್ಟಿಲು ಇಳಿಸಿ. ಸರಿಹೋದರೆ ಹಣವೇ ಉಳಿಯಿತು.

ರ‍್ಯಾಮ್ ತೆಗೆದುಕೊಳ್ಳುವುದಾದರೆ

4 ಜಿಬಿ ಇರುವ ಯಂತ್ರಕ್ಕೆ ಪರೀಕ್ಷೆಯ ಅಗತ್ಯವೂ ಇಲ್ಲ, ಮೊದಲು 8 ಮಾಡಿ. ಕೌಂಟರ್-ಸ್ಟ್ರೈಕ್ 2 ಕನಿಷ್ಠ 8 ಜಿಬಿ ಕೇಳುತ್ತದೆ. ಎಲ್ಡನ್ ರಿಂಗ್, ಈಗಿನ ಸೈಬರ್‌ಪಂಕ್ 2077 ಎರಡೂ ಕನಿಷ್ಠ 12 ಕೇಳುವುದರಿಂದ ಅಂಥವನ್ನು ಆಡುವವರು 16ಕ್ಕೇ ಹೋಗಬೇಕು. ಹಳೆ ಯಂತ್ರದಲ್ಲಿ 16ರ ಮೇಲೆ ಹಾಕುವುದು ಗೇಮಿನ ಮಟ್ಟಿಗೆ ದುಂದು.

ಎರಡು ಕಡ್ಡಿ ಹಾಕುವುದರ ಬೆಲೆಯನ್ನು ಬಹಳ ಮಂದಿ ಅರಿತಿಲ್ಲ. 8 ಜಿಬಿಯ ಒಂದೇ ಕಡ್ಡಿಗಿಂತ 4 ಜಿಬಿಯ ಎರಡು ಕಡ್ಡಿ ಗೇಮಿಗೆ ಒಳ್ಳೆಯದು, ಏಕೆಂದರೆ ಆಗ ಡ್ಯುಯಲ್ ಚಾನೆಲ್ ಆಗಿ ದಾರಿ ಇಮ್ಮಡಿಯಾಗುತ್ತದೆ. ಡಿಡಿಆರ್3 1600ರ ಒಂದು ಕಡ್ಡಿಯ ಹರಿವು ಸೆಕೆಂಡಿಗೆ 12.8 ಜಿಬಿ, ಎರಡಾದರೆ 25.6. ಬೇರೆ ಕಾರ್ಡ್ ಇಲ್ಲದೆ ಪ್ರೊಸೆಸರಿನೊಳಗಿನ ಗ್ರಾಫಿಕ್ಸಿನಲ್ಲೇ ಆಡುವವರಿಗೆ ಇದರ ಲಾಭ ಅತಿ ಹೆಚ್ಚು. ಆ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಇದೇ ರ‍್ಯಾಮಿನಿಂದ ಬಾಚಿಕೊಳ್ಳಬೇಕು. ಆದರೂ ಹೋಲಿಸಿ ನೋಡಿ: ಜಿಟಿಎಕ್ಸ್ 1050 ಟಿಐ ಕಾರ್ಡಿನ ಸ್ವಂತ ಮೆಮೊರಿಯ ಹರಿವು 112 ಜಿಬಿ. ರ‍್ಯಾಮ್ ಎಷ್ಟು ಹಾಕಿದರೂ ಕಾರ್ಡಿನ ಜಾಗ ತುಂಬದು ಎಂಬುದಕ್ಕೆ ಈ ಅಂಕಿಯೇ ಸಾಕ್ಷಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಕಡ್ಡಿಗಳನ್ನು ಪಕ್ಕಪಕ್ಕ ಹಾಕದೆ ಒಂದು ಬಿಟ್ಟು ಒಂದರಲ್ಲಿ ಹಾಕಬೇಕು. 4 ಮತ್ತು 8 ಬೆರೆಸಿದರೂ ನಡೆಯುತ್ತದೆ. ಮೊದಲ 8 ಜಿಬಿ ಡ್ಯುಯಲ್ ಆಗಿಯೂ ಉಳಿದ 4 ಸಿಂಗಲ್ ಆಗಿಯೂ ಕೆಲಸ ಮಾಡುತ್ತದೆ.

ಕೊಳ್ಳುವಾಗ ಕೈ ಕಚ್ಚುವುದು ಮೂರು ಕಡೆ. ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4ಕ್ಕೆ 288. ಕಚ್ಚಿನ ಜಾಗವೂ ಬೇರೆ, ಒತ್ತಿ ಕೂರಿಸಲು ಹೋದರೆ ಸ್ಲಾಟ್ ಒಡೆಯುತ್ತದೆ. ಎರಡನೆಯದು, ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 8 ಜಿಬಿ ಡಿಡಿಆರ್3 ಕಡ್ಡಿಗಳಲ್ಲಿ ಕೆಲವು ಎಎಂಡಿ ಬೋರ್ಡಿಗೆ ಮಾತ್ರ. ವಿವರಣೆಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ, ಇಂಟೆಲ್ ಬೋರ್ಡಿನಲ್ಲಿ ಅವು ಬೀಪ್ ಹೊಡೆಯುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಮೂರನೆಯದು, ಇಂಟೆಲ್ 2, 3, 4ನೇ ಜನರೇಶನ್‌ಗೆ 8 ಜಿಬಿ ಡಿಡಿಆರ್3 ಕಡ್ಡಿ ತೆಗೆದುಕೊಳ್ಳುವಾಗ ಚಿಪ್ ಎಣಿಸಿ. ಎರಡೂ ಬದಿಗೆ ಎಂಟೆಂಟರಂತೆ 16 ಕಪ್ಪು ಚಿಪ್ ಇರಬೇಕು. ಎಂಟೇ ಚಿಪ್‌ನಲ್ಲಿ 8 ಜಿಬಿ ತುಂಬಿದ ಕಡ್ಡಿಯನ್ನು ಆ ಪ್ರೊಸೆಸರ್‌ಗಳು ಗುರುತಿಸವು.

ಎಚ್61, ಎಚ್81 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಎರಡೇ ಸ್ಲಾಟ್, 16 ಜಿಬಿಯೇ ಮಿತಿ. 2ನೇ ಜನರೇಶನ್ ಪ್ರೊಸೆಸರ್ 1333ರಲ್ಲೇ ಓಡಿಸುವುದರಿಂದ ಅದಕ್ಕಿಂತ ವೇಗದ ಕಡ್ಡಿಗೆ ಹೆಚ್ಚು ಕೊಡಬೇಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ. ಹಳೆಯ ಲೆಕ್ಕದಲ್ಲಿ “ರ‍್ಯಾಮ್ ಅಗ್ಗ” ಎಂದುಕೊಂಡು ಹೊರಡದೆ ಆ ದಿನದ ಬೆಲೆ ಕೇಳಿ.

ಕಾರ್ಡ್ ತೆಗೆದುಕೊಳ್ಳುವುದಾದರೆ: ಮೊದಲು ಎಸ್‌ಎಂಪಿಎಸ್ ನೋಡಿ

ಕಾರ್ಡಿನ ಆಯ್ಕೆಯನ್ನು ಕಾರ್ಡ್ ನಿರ್ಧರಿಸುವುದಿಲ್ಲ, ಕರೆಂಟು ಕೊಡುವ ಡಬ್ಬ, ಅಂದರೆ ಎಸ್‌ಎಂಪಿಎಸ್, ನಿರ್ಧರಿಸುತ್ತದೆ. ಕ್ಯಾಬಿನೆಟ್ಟಿನ ಬದಿಯ ತಗಡು ತೆಗೆದು ಎಸ್‌ಎಂಪಿಎಸ್ ಮೇಲಿನ ಚೀಟಿಗೆ ಟಾರ್ಚ್ ಹಿಡಿಯಿರಿ. ಮೇಲೆ ದಪ್ಪಕ್ಷರದಲ್ಲಿ 450 ವ್ಯಾಟ್ ಎಂದಿರುವುದನ್ನು ಬಿಟ್ಟುಬಿಡಿ. ಕೆಳಗಿನ ಕೋಷ್ಟಕದಲ್ಲಿ ‘+12ವಿ’ ಎಂಬ ಕಂಬಸಾಲಿನ ಕೆಳಗಿರುವ ಆಂಪಿಯರ್ ಓದಿ, ಅದನ್ನು 12ರಿಂದ ಗುಣಿಸಿ. ಅಲ್ಲಿ 16 ಎಂದಿದ್ದರೆ ನಿಮಗೆ ನಿಜವಾಗಿ ಸಿಗುವುದು 192 ವ್ಯಾಟ್. ಐ5 3470 ಪ್ರೊಸೆಸರಿಗೆ 77, ಜಿಟಿಎಕ್ಸ್ 1650ಕ್ಕೆ 75, ಬೋರ್ಡು, ಡಿಸ್ಕು, ಫ್ಯಾನುಗಳಿಗೆ ಸುಮಾರು 40 ಎಂದರೆ ಅಲ್ಲಿಗೆ 192 ಮುಗಿಯಿತು. ಹತ್ತು ವರ್ಷ ಹಳೆಯದಾದ ಎಸ್‌ಎಂಪಿಎಸ್ ತುದಿಗೆ ಮುಟ್ಟುವವರೆಗೆ ಎಳೆದರೆ ಗೇಮ್ ಲೋಡ್ ಆಗುವಾಗಲೇ ಯಂತ್ರ ರೀಸ್ಟಾರ್ಟ್ ಆಗುತ್ತದೆ, ಕೆಟ್ಟು ಹೋಗುವಾಗ ಬೋರ್ಡನ್ನೂ ಜೊತೆಗೆ ಒಯ್ಯಬಹುದು. 75 ವ್ಯಾಟಿನ ಕಾರ್ಡಿಗೆ 12 ವೋಲ್ಟಿನಲ್ಲಿ 25 ಆಂಪಿಯರ್, ಜಿಟಿಎಕ್ಸ್ 1660 ಸೂಪರಿನಂಥ 125 ವ್ಯಾಟಿನದಕ್ಕೆ 33 ಆಂಪಿಯರ್ ಇದ್ದರೆ ನೆಮ್ಮದಿ.

ಮದರ್‌ಬೋರ್ಡಿನ ಸ್ಲಾಟ್ ತಾನೇ ಕೊಡುವುದು ಹೆಚ್ಚೆಂದರೆ 75 ವ್ಯಾಟ್. 6 ಪಿನ್ ತಂತಿ ಇನ್ನು 75, 8 ಪಿನ್ ತಂತಿ 150 ಸೇರಿಸುತ್ತದೆ. ಆ ತಂತಿ ಎಸ್‌ಎಂಪಿಎಸ್‌ನಲ್ಲಿ ಇಲ್ಲವೆಂದು ಹಾರ್ಡ್ ಡಿಸ್ಕಿನ ತಂತಿಯಿಂದ 8 ಪಿನ್‌ಗೆ ಬದಲಿಸುವ ಕನ್ವರ್ಟರ್ ಹಾಕಿಕೊಳ್ಳಬೇಡಿ. ಸಪೂರ ತಂತಿ, ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ.

ಆಫೀಸಿನಿಂದ ಬಂದ ಬ್ರ್ಯಾಂಡೆಡ್ ಡಬ್ಬಗಳಲ್ಲಿ ಎಸ್‌ಎಂಪಿಎಸ್ ಬದಲಿಸುವುದೂ ಸುಲಭವಲ್ಲ. ಡೆಲ್ ಆಪ್ಟಿಪ್ಲೆಕ್ಸ್ 9020ರ ಎತ್ತರದ ಡಬ್ಬದಲ್ಲಿ 290 ವ್ಯಾಟ್, ಚಿಕ್ಕದರಲ್ಲಿ 255. ಬೋರ್ಡಿಗೆ ಹೋಗುವ ಮುಖ್ಯ ಕನೆಕ್ಟರ್ 24 ಪಿನ್ ಅಲ್ಲ, 8 ಪಿನ್. ಇಂಥದಕ್ಕೆ ಪ್ರತ್ಯೇಕ ಪವರ್ ತಂತಿ ಬೇಡದ ಕಾರ್ಡೇ ಗತಿ; ಚಿಕ್ಕ ಡಬ್ಬಕ್ಕಾದರೆ ಲೋ ಪ್ರೊಫೈಲ್ (ಗಿಡ್ಡ ಗಾತ್ರದ್ದು) ಕೂಡ ಆಗಿರಬೇಕು.

ತಂತಿ ಬೇಡದ ಕಾರ್ಡುಗಳಲ್ಲಿ ಜಿಟಿಎಕ್ಸ್ 1050 ಟಿಐ (2016), ಜಿಟಿಎಕ್ಸ್ 1650 (2019), 6 ಜಿಬಿಯ ಆರ್‌ಟಿಎಕ್ಸ್ 3050 (2024) ಈ ಮೂರು ಮುಖ್ಯ. ಒಂದೇ ಹೆಸರಿನಲ್ಲಿ 6 ಪಿನ್ ಬೇಡುವ ಮಾದರಿಗಳೂ ಇರುವುದರಿಂದ ಚಿತ್ರ ನೋಡಿಯೇ ಆರಿಸಿ. 1050 ಟಿಐ ಇರುವ 10ರ ಸರಣಿಗೆ ಹೊಸ ಗೇಮುಗಳ ಡ್ರೈವರ್ ಕೊಡುವುದನ್ನು ಎನ್‌ವಿಡಿಯಾ 2025ರ ಅಕ್ಟೋಬರಿಗೆ ನಿಲ್ಲಿಸಿದೆ. ಅಗ್ಗಕ್ಕೆ ಸಿಕ್ಕರೆ ಹಳೆಯ ಗೇಮುಗಳಿಗೆ ಸಾಕು. ದುಡ್ಡು ಸ್ವಲ್ಪ ಹೆಚ್ಚಾದರೂ 1650 ನಮ್ಮ ಆಯ್ಕೆ.

ರೇಡಿಯಾನ್ ಆರ್‌ಎಕ್ಸ್ 6400 ಸಹ 53 ವ್ಯಾಟಿನಲ್ಲಿ ಓಡುತ್ತದೆ, ಆದರೆ ಹಳೆ ಬೋರ್ಡಿಗೆ ಅದನ್ನು ಹೇಳಲಾರೆವು. ಅದು ಉದ್ದ ಸ್ಲಾಟಿನಲ್ಲಿ ಕೂತರೂ ನಾಲ್ಕೇ ದಾರಿ (ಲೇನ್) ಬಳಸುತ್ತದೆ. ಸ್ಲಾಟಿನ ವೇಗ ಹೆಚ್ಚಿರುವ ಹೊಸ ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ ಅದು ಸಾಲುತ್ತದೆ, ಎಚ್81ರಂಥ 2.0 ಬೋರ್ಡಿನಲ್ಲಿ ಸೆಕೆಂಡಿಗೆ 2 ಜಿಬಿ ಮಾತ್ರ ಸಾಗಿ, ಕಾರ್ಡಿನ 4 ಜಿಬಿ ತುಂಬಿದ ಕೂಡಲೇ ತಡವರಿಸುತ್ತದೆ. ಇಂಟೆಲ್ ಆರ್ಕ್ ಕಾರ್ಡುಗಳಿಗೆ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಟ್ಟಿಗೆ ಮುಟ್ಟಲು ಬಿಡುವ ಸೌಲಭ್ಯ) ಬೇಕೇ ಬೇಕು, ನಾವು ಹೇಳುತ್ತಿರುವ ಹಳೆ ಬೋರ್ಡುಗಳಲ್ಲಿ ಅದಿಲ್ಲ. ಜಿಟಿ 710, ಜಿಟಿ 730 ಎಂಬವು ಪರದೆ ತೋರಿಸಲಿಕ್ಕಿರುವ ಕಾರ್ಡುಗಳು, ‘4 ಜಿಬಿ’ ಎಂದು ಬರೆದಿದ್ದರೂ ಗೇಮಿಗಲ್ಲ. ಜಿಟಿ 1030 ತೆಗೆದುಕೊಳ್ಳುವುದಾದರೆ ಜಿಡಿಡಿಆರ್5 (ಕಾರ್ಡುಗಳಿಗೆಂದೇ ಮಾಡಿದ ವೇಗದ ಮೆಮೊರಿ) ಇರುವುದನ್ನೇ ಕೇಳಿ. ಡಿಡಿಆರ್4ರದ್ದರಲ್ಲಿ ಮೆಮೊರಿಯ ಹರಿವು ಮೂರರಲ್ಲೊಂದು ಪಾಲಿನಷ್ಟೇ.

ಸೆಕೆಂಡ್‌ಹ್ಯಾಂಡ್ 1050 ಟಿಐ ನೋಡುವಾಗ ಹಿಂದಿನ ಪೋರ್ಟುಗಳನ್ನು ಗಮನಿಸಿ. ಅಲ್ಲಿ ನೀಲಿ ವಿಜಿಎ ಪೋರ್ಟ್ ಕಂಡರೆ ಅದು ಹಳೆಯ ಕಾರ್ಡಿನ ಬಯೋಸ್ (ಒಳಗಿನ ಮೂಲ ತಂತ್ರಾಂಶ) ತಿದ್ದಿ ಹೆಸರು ಬದಲಿಸಿದ ನಕಲಿ. ಅಸಲಿಯಲ್ಲಿ ವಿಜಿಎ ಇರುವುದಿಲ್ಲ. ಜಿಪಿಯು-ಝಡ್ ಎಂಬ ತಂತ್ರಾಂಶ ಓಡಿಸಿದರೆ ಹೆಸರಿನ ಹಿಂದೆ ‘ಫೇಕ್’ ಎಂದು ತೋರಿಸುತ್ತದೆ. ನಿಮ್ಮ ಮಾನಿಟರಿನಲ್ಲಿ ವಿಜಿಎ ಮಾತ್ರ ಇದ್ದರೆ ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಆಕ್ಟಿವ್ ಕನ್ವರ್ಟರ್ ಖರ್ಚನ್ನೂ ಸೇರಿಸಿಕೊಳ್ಳಿ.

ಪ್ರೊಸೆಸರ್ ಮರೆತರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಎರಡು ಕೋರಿನ ಐ3 2100ಕ್ಕೆ 1660 ಸೂಪರ್ ಕಟ್ಟಿದರೆ ಕಾರ್ಡ್ ಅರ್ಧ ಹೊತ್ತು ಸುಮ್ಮನೆ ಕಾಯುತ್ತಿರುತ್ತದೆ. ನಾಲ್ಕು ಕೋರಿನ ಐ5ಗೆ 1650 ಸರಿಯಾದ ಜೋಡಿ. ಇನ್ನೊಂದು ಮಾತು, 2 ಮತ್ತು 3ನೇ ಜನರೇಶನ್‌ನಲ್ಲಿ ಎವಿಎಕ್ಸ್2 ಎಂಬ ಆಜ್ಞಾಗುಚ್ಛ ಇಲ್ಲ. ಅದನ್ನು ಕೇಳುವ ಹೊಸ ಗೇಮ್ ಯಾವ ಕಾರ್ಡ್ ಹಾಕಿದರೂ ತೆರೆಯುವುದೇ ಇಲ್ಲ. ಅಂಥ ಗೇಮೇ ಗುರಿಯಾದರೆ ಈ ಯಂತ್ರಕ್ಕೆ ಹಣ ಹಾಕದೆ ಕೂಡಿಡಿ.

ಜೋಡಿಸುವಾಗ

ಪ್ಲಗ್ ಕಿತ್ತು ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಬರಿಗೈಯಲ್ಲಿ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹ ಮುಟ್ಟಿ. ರ‍್ಯಾಮ್ ಆದರೆ ಎರಡೂ ತುದಿಯ ಕೊಂಡಿ ಬಿಡಿಸಿ, ಕಚ್ಚು ಹೊಂದಿಸಿ, ಎರಡು ಹೆಬ್ಬೆರಳಿನಿಂದ ಎರಡೂ ತುದಿಯನ್ನು ಒಂದೇ ಸಮ ಒತ್ತಿ. ಕೊಂಡಿ ತಾನಾಗಿ ಟಕ್ ಎಂದು ಮುಚ್ಚಬೇಕು. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಕಡಲ ಬದಿಯ ಉಪ್ಪುಗಾಳಿಗೆ ಕಡ್ಡಿಯ ಚಿನ್ನದ ಬಣ್ಣದ ಹಲ್ಲುಗಳು ಮಳೆಗಾಲದಲ್ಲಿ ಮಂಕಾಗುತ್ತವೆ. ಹಳೆಯ ಕಡ್ಡಿ ತೆಗೆದಾಗ ಬಿಳಿ ಪೆನ್ಸಿಲ್ ರಬ್ಬರಿನಿಂದ ಆ ಹಲ್ಲುಗಳನ್ನು ಮೆಲ್ಲನೆ ಉಜ್ಜಿ, ಹುಡಿ ಕೊಡವಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಲ್ಲಿ ಒರೆಸಿ. “ರ‍್ಯಾಮ್ ಹೋಗಿದೆ” ಎಂದು ಬದಿಗಿಟ್ಟ ಎಷ್ಟೋ ಕಡ್ಡಿಗಳು ಇಷ್ಟರಲ್ಲೇ ಸರಿಯಾಗುತ್ತವೆ. ಹಾಕಿದ ಮೇಲೆ ವಿಂಡೋಸ್ ಮೆಮೊರಿ ಡಯಾಗ್ನಾಸ್ಟಿಕ್ ಒಮ್ಮೆ ಪೂರ್ತಿ ಓಡಿಸಿ. ಒಂದೇ ಒಂದು ತಪ್ಪು ತೋರಿಸಿದರೂ ಕಡ್ಡಿ ಹಿಂದಿರುಗಿಸಿ.

ಕಾರ್ಡ್ ಹಾಕುವ ಮೊದಲು ಬೋರ್ಡಿನ ಬಯೋಸ್ ಹೊಸದು ಮಾಡಿಕೊಳ್ಳಿ, ಕರೆಂಟು ಹೋಗುವ ಹೊತ್ತಿನಲ್ಲಿ ಮಾತ್ರ ಬೇಡ. ಹಳೆಯ ಬಯೋಸಿನಲ್ಲಿ ಹೊಸ ಕಾರ್ಡ್ ಕಪ್ಪು ಪರದೆ ಕೊಡುವುದುಂಟು. ಮೊದಲು ಬೇರೆ ಕಂಪನಿಯ ಕಾರ್ಡ್ ಇದ್ದಿದ್ದರೆ ಸೇಫ್ ಮೋಡಿನಲ್ಲಿ ಡಿಡಿಯು ಎಂಬ ತಂತ್ರಾಂಶ ಓಡಿಸಿ ಹಳೆ ಡ್ರೈವರ್ ಅಳಿಸಿ. ಕಾರ್ಡ್ ಕೂರಿಸಿ ಸ್ಕ್ರೂ ಬಿಗಿದ ಮೇಲೆ ಮಾನಿಟರಿನ ತಂತಿಯನ್ನು ಕಾರ್ಡಿನ ಪೋರ್ಟಿಗೇ ಹಾಕಿ. ಹಳೆಯ ಅಭ್ಯಾಸದಲ್ಲಿ ಬೋರ್ಡಿನ ಪೋರ್ಟಿಗೆ ಹಾಕಿಬಿಟ್ಟು, ಕಾರ್ಡ್ ಬದಲಿಸಿದರೂ ವ್ಯತ್ಯಾಸವಿಲ್ಲವೆಂದು ಅಂಗಡಿಗೆ ಮರಳುವುದು ಸಾಮಾನ್ಯ.

ಕಾರ್ಡ್ ಹಾಕಿದ ಮೇಲೆ, ಇನ್ವರ್ಟರೋ ಯುಪಿಎಸ್ಸೋ ಇದ್ದೂ, ಕರೆಂಟು ಹೋದಾಗೆಲ್ಲ ಯಂತ್ರ ಆಫ್ ಆಗತೊಡಗಿದರೆ ಕಾರ್ಡನ್ನು ದೂರಬೇಡಿ. ಎಸ್‌ಎಂಪಿಎಸ್ ಕರೆಂಟಿಲ್ಲದೆ ತಡೆದುಕೊಳ್ಳುವುದು ಪೂರ್ತಿ ಲೋಡಿನಲ್ಲಿ ಸುಮಾರು 16 ಮಿಲಿಸೆಕೆಂಡು. ಮನೆಯ ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಅದನ್ನು ಹಾಕಿ, ಬದಲಾವಣೆ ಬೇಗ ಆಗುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಹೊರುತ್ತದೆ, ಅದೂ ಬ್ಯಾಟರಿ ಚೆನ್ನಾಗಿದ್ದರೆ. ತುಲಾ ತಿಂಗಳ ಸಂಜೆ ಗುಡುಗು ಶುರುವಾದ ಕೂಡಲೇ ಪವರ್ ಪ್ಲಗ್ ಮಾತ್ರವಲ್ಲ, ಇಂಟರ್‌ನೆಟ್ಟಿನ ಲ್ಯಾನ್ ತಂತಿಯನ್ನೂ ಕೀಳಿ. ಸಿಡಿಲಿನ ಹೊಡೆತ ಆ ತಂತಿಯಲ್ಲೂ ಬೋರ್ಡಿಗೆ ಬರುತ್ತದೆ.

ಮಂಗಳೂರಿಗೆ ಹೋಗಿ ಕೊಳ್ಳುವುದಾದರೆ ಕ್ಯಾಬಿನೆಟ್ಟನ್ನೇ ಒಯ್ದು ಅಲ್ಲಿಯೇ ಹಾಕಿಸಿ, ಅರ್ಧ ಗಂಟೆ ಓಡಿಸಿ ನೋಡಿ. ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಬರುವಾಗ ದೊಡ್ಡ ಕಾರ್ಡನ್ನು ಬಿಚ್ಚಿ ಅದರ ಪೆಟ್ಟಿಗೆಯಲ್ಲೇ ತನ್ನಿ. ಸ್ಲಾಟಿನಲ್ಲೇ ಬಿಟ್ಟರೆ ಹೊಂಡದ ರಸ್ತೆಯ ಕುಲುಕಾಟಕ್ಕೆ ಸ್ಲಾಟ್ ಸೀಳುತ್ತದೆ. ಮನೆಗೆ ಬಂದ ದಿನವೇ ಮೊದಲಿನ ಅದೇ ಗೇಮಿನ ಅದೇ ಜಾಗದಲ್ಲಿ, ಅದೇ ಸೆಟ್ಟಿಂಗಿನಲ್ಲಿ ಹತ್ತು ನಿಮಿಷದ ಪರೀಕ್ಷೆ ಮತ್ತೆ ಮಾಡಿ, ಹಳೆಯ ಅಂಕಿಗಳ ಪಕ್ಕದಲ್ಲಿ ಬರೆಯಿರಿ. ಅಂಕಿ ಕದಲದಿದ್ದರೆ ಹಿಂದಿರುಗಿಸುವ ಅವಧಿ ಮುಗಿಯುವ ಮೊದಲೇ ಅಂಗಡಿಗೆ ಫೋನ್ ಮಾಡಿ.